ಹಸಿರು ಬಟ್ಟೆ, ತಗಡಿನ ಬಕೆಟ್ಟು

ನಮ್ಮೂರ ಸಭಾಮಂದಿರದ ಅಂಗಳಕ್ಕೆ ಯಾರೂ ದುಡ್ಡು ಕೊಟ್ಟು ಜಲ್ಲಿ ಹಾಕಿಸಿಲ್ಲ. ಅಲ್ಲಿ ಬಿದ್ದಿರುವುದೆಲ್ಲ ಒಬ್ಬೊಬ್ಬರ ಆಸೆಯ ಕಲ್ಲು. ಹೊಲ ಉಳುವಾಗಲೋ ಒಹಾಯೋ ನದಿಯ ದಂಡೆಯಲ್ಲೋ ಸಿಕ್ಕಿದ್ದನ್ನು, ನಮಗಿಂತ ಸಾವಿರಾರು ವರ್ಷ ಮೊದಲು ಈ ನೆಲದಲ್ಲಿ ಬಾಳಿದವರ ಕೊಡಲಿ ಇದು ಎಂದು ನಂಬಿ, ತೊಳೆದು ಒರೆಸಿ ಕರವಸ್ತ್ರದಲ್ಲಿ ಸುತ್ತಿ ತಂದವರು, ಅಲ್ಲ ಎನ್ನಿಸಿಕೊಂಡು ಸುರಿದು ಹೋದ ಕಲ್ಲುಗಳು. ಅವುಗಳಲ್ಲಿ ಅರ್ಧಕ್ಕರ್ಧ ನನ್ನ ತಮ್ಮ ಓರ್ಲಾ ಸ್ಟಿಕ್ಲಿಯವೇ ಇರಬೇಕು.

ನಾನು ವೆಸ್ಟಾ, ಅವನ ಅಕ್ಕ. ಕಲ್ಲು ಕೂಡಿಡುವವರ ಸಂಘ ವರ್ಷಕ್ಕೆರಡು ಸಲ ಊಟಕ್ಕೆ ಸೇರುತ್ತಿತ್ತು, ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ. ಅಡುಗೆ ನನ್ನದು. ಬೀನ್ಸ್ ಸೂಪು, ಹಂದಿ ಮಾಂಸ, ಪೈ. ಅಡುಗೆಮನೆಗೂ ಸಭೆಗೂ ನಡುವೆ ತಟ್ಟೆ ದಾಟಿಸಲು ಒಂದು ಕಿಂಡಿ ಇತ್ತು. ಗಂಡಸರು ಒಂದು ವಿಷಯ ಮರೆಯುತ್ತಾರೆ: ತಟ್ಟೆ ಹೋಗುವ ಕಿಂಡಿಯಲ್ಲಿ ಮಾತೂ ಬರುತ್ತದೆ. ಆ ಸಂಘದ ಹೊಟ್ಟೆಯೊಳಗಿನ ಹೊಲಸೆಲ್ಲ ನನಗೆ ಗೊತ್ತಿದ್ದದ್ದು ಹಾಗೆ.

ಪದ್ಧತಿ ಹೀಗಿತ್ತು. ಊಟವಾದ ಮೇಲೆ ಉದ್ದನೆಯ ಮೇಜಿಗೆ ಹಸಿರು ಬಟ್ಟೆ ಹಾಸುವರು. ಹೊಸದಾಗಿ ಸಿಕ್ಕ ಕಲ್ಲು ಕೈಯಿಂದ ಕೈಗೆ ಸುತ್ತಿ ಬರುವುದು. ಪ್ರತಿಯೊಬ್ಬನೂ ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ತಡವಿ, ಏನೂ ಹೇಳದೆ ಮುಂದಿನವನಿಗೆ ಕೊಡಬೇಕು. ಕೊನೆಯ ಕೈ ಅಧ್ಯಕ್ಷರದು. ಅವರು ಕಲ್ಲನ್ನು ಬಟ್ಟೆಯ ಮೇಲಿಟ್ಟರೆ ಅದು ನಿಜವಾದದ್ದು, ತಂದವನು ಆ ಹೊತ್ತಿನಿಂದ ಸಂಘದವನು, ಮೇಜಿನ ಸುತ್ತ ಅವನಿಗೊಂದು ಕುರ್ಚಿ. ಇಲ್ಲವಾದರೆ ಕಾಲ ಬುಡದಲ್ಲಿ ತಗಡಿನ ಬಕೆಟ್ಟು ಇರುತ್ತಿತ್ತು. ಮೇಲಿಂದಲೇ ಅದರೊಳಕ್ಕೆ ಕೈಬಿಡುವರು. ಢಣ್ ಎಂದೊಡನೆ ಎಲ್ಲರೂ ನಗಬೇಕು, ಅದೂ ಪದ್ಧತಿಯೇ. ನಕ್ಕು ಮುಗಿದ ಮೇಲೆ ಕಲ್ಲಿನವನೇ ಬಕೆಟ್ಟು ಹೊತ್ತು ಹೊರಗೆ ಹೋಗಿ ಅಂಗಳದ ಗುಂಡಿಗೆ ಸುರಿದು, ಖಾಲಿ ಬಕೆಟ್ಟು ತಂದಿಟ್ಟು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಬೇಕು.

ಆ ಗೋಡೆಯ ಪಕ್ಕದ ಕುರ್ಚಿಯಲ್ಲಿ ನನ್ನ ತಮ್ಮ ಇಪ್ಪತ್ತು ವರ್ಷ ಸವೆಸಿದ. ಊರಿಗೆ ಊರೇ ಅವನನ್ನು ಬಕೆಟ್ ಓರ್ಲಾ ಎನ್ನುತ್ತಿತ್ತು. ಅಂಚೆಯವನೂ ಹಾಗೇ ಕೂಗುತ್ತಿದ್ದ. ಓರ್ಲಾ ನಗುತ್ತಿದ್ದ. ಕುಣಿಯಲಾರದವನು ನೆಲ ಡೊಂಕು ಎಂದಾದರೂ ಹೇಳುತ್ತಾನೆ, ಇವನು ಅದನ್ನೂ ಹೇಳದೆ, ಮುಂದಿನ ಸಲ ನೋಡೋಣ ಎಂದು ಟೋಪಿ ಹಾಕಿಕೊಂಡು ಹೊರಡುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನ ಕಸುಬು ಕಾಲುವೆ ತೋಡುವುದು. ಹೊಲದಲ್ಲಿ ನೀರು ನಿಲ್ಲದಂತೆ ಸೊಂಟದುದ್ದ ತೋಡಿ, ತಳದಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಬಾಯಿಗೊಂದು ಇಟ್ಟು ಮುಚ್ಚುವುದು. ಯಂತ್ರ ಬಂದ ಮೇಲೂ, ಯಂತ್ರ ಇಳಿಯದ ಇಕ್ಕಟ್ಟಿನ ಹೊಲಗಳಿಗೆ ಇವನನ್ನೇ ಕರೆಯುತ್ತಿದ್ದರು. ಜೊತೆಗೆ ಎಮ್ಮರ್ಟ್ ಫೌಟ್ಸ್ ಇರುತ್ತಿದ್ದ. ಓರ್ಲಾ ತೋಡುವನು, ಎಮ್ಮರ್ಟ್ ಕೊಳವೆ ಇಡುವನು. ಎಮ್ಮರ್ಟ್ ಮಾತು ಕಮ್ಮಿ, ಸಂಘದಲ್ಲೂ ಗೋಡೆಯ ಪಕ್ಕ ಓರ್ಲಾನ ಜೊತೆಯ ಕುರ್ಚಿ ಅವನದೇ. ಇಬ್ಬರಿಗೂ ಒಂದು ಹಟ ಇತ್ತು. ಬೆಳಿಗ್ಗೆ ತೋಡಿದಷ್ಟನ್ನು ಕತ್ತಲಾಗುವ ಮುಂಚೆ ಮುಚ್ಚಿಯೇ ಮನೆಗೆ ಹೋಗಬೇಕು. “ಬಾಯಿ ತೆರೆದ ಕಾಲುವೆ ಬಿಟ್ಟು ಬಂದೋನಿಗೆ ಊಟ ಸೇರಬಾರದು ಅಕ್ಕ” ಎನ್ನುತ್ತಿದ್ದ ಓರ್ಲಾ. ಮಳೆ ಬಂದರೆ ದಡ ಕುಸಿಯುತ್ತದೆ, ದನ ಬೀಳುತ್ತದೆ. ಅರ್ಧ ಮಾಡಿದ ಕೆಲಸ ಅವನ ಕಣ್ಣಿಗೆ ಪಾಪ. ಅವನನ್ನು ಕೆಡಿಸಿದ್ದೂ ಅದೇ.

ಒಂದು ಸೆಪ್ಟೆಂಬರಿನಲ್ಲಿ ಕಾಲುವೆಯ ತಳದಲ್ಲಿ ಅವನಿಗೆ ರೆಕ್ಕೆಗಲ್ಲು ಸಿಕ್ಕಿತು. ಅಂಗೈಯಗಲ, ಎರಡೂ ಕಡೆ ಚಿಟ್ಟೆಯಂತೆ ರೆಕ್ಕೆ, ನಡುವೆ ದಪ್ಪ ಬೆನ್ನು. ಈಟಿ ಎಸೆಯುವ ಕೋಲಿಗೆ ಪೋಣಿಸಲು ಹಳಬರು ಪಟ್ಟೆಪಟ್ಟೆಯ ಸ್ಲೇಟು ಕಲ್ಲಿನಲ್ಲಿ ಮಾಡುತ್ತಿದ್ದರು. ಮುಗಿದದ್ದು ಗಾಜಿನಂತೆ ನುಣುಪು, ಬೆನ್ನಿನ ಉದ್ದಕ್ಕೂ ತೂತು. ಇದು ಮುಗಿದಿರಲಿಲ್ಲ. ಮೈತುಂಬ ಕುಟ್ಟಿದ ಗುಳಿಗಳು, ಧೂಳಿನ ಮೇಲೆ ನಾಲ್ಕು ಹನಿ ಮಳೆ ಬಿದ್ದ ಹಾಗೆ. ತೂತು ಅರ್ಧಕ್ಕೇ ನಿಂತಿತ್ತು. ಟೊಳ್ಳು ಜೊಂಡಿನ ಕಡ್ಡಿಯನ್ನು ಮರಳು ಹಾಕಿ ತಿರುಗಿಸಿ ಕೊರೆದದ್ದರಿಂದ, ತೂತಿನ ನಟ್ಟನಡುವೆ ಕಲ್ಲಿನದೇ ಒಂದು ತಿರುಳು ಬೆರಳ ತುದಿಯಷ್ಟು ಎದ್ದು ನಿಂತಿತ್ತು.

ಮುಗಿದ ಕಲ್ಲನ್ನು ಕುರುಡನೂ ಗುರುತಿಸುತ್ತಾನೆ. ಮುಗಿಯದ್ದೇ ಕಷ್ಟ. ಹಿಮಕ್ಕೆ ಸಿಡಿದ ಕಲ್ಲಿಗೂ ಗುಳಿ ಇರುತ್ತದೆ, ಆದರೆ ಅದು ಮನಸ್ಸು ಬಂದಂತೆ. ನೇಗಿಲು ತಾಗಿದ್ದಕ್ಕೆ ತುಕ್ಕಿನ ಗೆರೆ. ಮನುಷ್ಯನ ಕೈ ಕುಟ್ಟಿದ್ದು ಮಾತ್ರ ಒಂದರ ಪಕ್ಕ ಒಂದು, ಎಲ್ಲಿ ತೆಳುವಾಗಬೇಕೋ ಅಲ್ಲಿ ಹೆಚ್ಚು. ಈ ಕಲ್ಲಿನಲ್ಲಂತೂ ಅನುಮಾನಕ್ಕೆ ಜಾಗವೇ ಇರಲಿಲ್ಲ. ಆ ತಿರುಳು ಒಂದೇ ಸಾಕಿತ್ತು.

ಅಕ್ಟೋಬರಿನ ಊಟದ ದಿನ ಓರ್ಲಾ ಅದನ್ನು ಮೊದಲು ಡಾಕ್ಟ್ರಿಗೆ ತೋರಿಸಿದ. ಡಾಕ್ಟ್ರು ಎಂದರೆ ಬರ್ಡೆಟ್ ಕೆಂಪರ್, ದನದ ಡಾಕ್ಟ್ರು, ಸಂಘದ ಅಧ್ಯಕ್ಷರು. ಮನೆತುಂಬ ಗಾಜಿನ ಪೆಟ್ಟಿಗೆಗಳಲ್ಲಿ ಕಲ್ಲು ಜೋಡಿಸಿಟ್ಟವರು. ಇಬ್ಬರೂ ನನ್ನ ಕಿಂಡಿಯ ಪಕ್ಕಕ್ಕೇ ಬಂದು ನಿಂತರು. ಡಾಕ್ಟ್ರು ಕಲ್ಲನ್ನು ದೀಪಕ್ಕೆ ಹಿಡಿದು, ತೂತಿನೊಳಗೆ ಇಣುಕಿದರು. ಅವರ ಕೆಳದುಟಿ ಅದುರಿದ್ದನ್ನು ನಾನು ಕಂಡೆ.

“ನನಗೆ ಕೊಡು ಓರ್ಲಾ. ಬದಲಿಗೆ ನನ್ನ ಪೆಟ್ಟಿಗೆಯಿಂದ ಪೂರ್ತಿಯಾದದ್ದು ಒಂದು ಆರಿಸ್ಕೋ.”

“ಬೇಡ ಡಾಕ್ಟ್ರೇ. ಇದು ನನಗೆ ಸಿಕ್ಕಿದ್ದು. ಇವತ್ತು ಬಟ್ಟೆ ಮೇಲೆ ಬರಲಿ ಅಂತ.”

“ಎರಡು ತಗೋ.”

“ಕುರ್ಚಿ ಬೇಕು ಡಾಕ್ಟ್ರೇ. ಕಲ್ಲು ತಗೊಂಡು ಏನ್ ಮಾಡ್ಲಿ?”

ಡಾಕ್ಟ್ರ ಮುಖ ಗಂಟಾಯಿತು. ಮರುಕ್ಷಣಕ್ಕೆ ನಗು. ಆ ಮನುಷ್ಯನ ಸಿಟ್ಟಿಗೆ ನಾನು ಹೆದರುತ್ತಿರಲಿಲ್ಲ, ನಗುವಿಗೆ ಹೆದರುತ್ತಿದ್ದೆ.

“ಅಲ್ಲಯ್ಯ, ನಿನ್ನ ಅಕ್ಕ ಅರ್ಧ ಬೆಂದ ಪೈ ತಂದು ಬಡಿಸಿದ್ರೆ ತಿಂತೀಯಾ? ತೂತು ಇಲ್ಲ, ನುಣುಪು ಇಲ್ಲ. ಅರ್ಧಂಬರ್ಧ ಕೆಲಸ. ಇದನ್ನ ಬಟ್ಟೆ ಮೇಲೆ ಇಟ್ರೆ ಜನ ನಗ್ತಾರೆ. ಪೂರ್ತಿ ಆಗಿದ್ದಿದ್ರೆ ಇಡಬಹುದಿತ್ತಪ್ಪ.”

ಓರ್ಲಾ ಕಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. ಅಂದು ಮೇಜಿಗೆ ತರಲೇ ಇಲ್ಲ. ಡಾಕ್ಟ್ರು ಎಣಿಸಿದ್ದು ಬೇರೆ: ಅವಮಾನವಾಗಿ ಒಂದು ವಾರಕ್ಕೆ ತಾನೇ ತಂದು ಕೊಡುತ್ತಾನೆ ಎಂದು. ಓರ್ಲಾನ ತಲೆಯಲ್ಲಿ ಕೂತದ್ದು ಅರ್ಧಂಬರ್ಧ ಎಂಬ ಮಾತು. ಕಾಲುವೆ ತೆರೆದಿದೆ, ಮುಚ್ಚಬೇಕು, ಅಷ್ಟೇ.

ನಾನು ಹೇಳಿದೆ. ಬಾಯಿ ನೋಯುವಷ್ಟು ಹೇಳಿದೆ. “ಆ ಕಲ್ಲನ್ನ ಮುಟ್ಟಬೇಡ ಕಣೋ. ಆ ಡಾಕ್ಟ್ರು ಉಪಯೋಗ ಇಲ್ಲದ್ದಕ್ಕೆ ಎರಡು ಕಲ್ಲು ಕೊಡೋ ಜಾತಿ ಅಲ್ಲ.”

“ನಿನಗೆ ಪೈ ಗೊತ್ತು ಅಕ್ಕ, ಕಲ್ಲು ಗೊತ್ತಿಲ್ಲ” ಎಂದ.

ಚಳಿಗಾಲವಿಡೀ ನನ್ನ ಕೊಟ್ಟಿಗೆಯಲ್ಲಿ ಕೂತು ಕೊರೆದ. ಹೊಳೆಯಾಚೆ ಕೆಂಟಕಿಯ ಕಡೆಯಿಂದ ಜೊಂಡು ಕತ್ತರಿಸಿ ತಂದ. ಕಬ್ಬಿಣ ಮುಟ್ಟಿಸಲಿಲ್ಲ. ಹಳಬರು ಮಾಡಿದಂತೆಯೇ ಮಾಡಬೇಕು ಎಂಬ ನಿಷ್ಠೆ ಬೇರೆ. ಬಿಲ್ಲಿನ ದಾರವನ್ನು ಕಡ್ಡಿಗೆ ಸುತ್ತಿ ಎಮ್ಮರ್ಟ್ ಎಳೆಯುವನು, ಓರ್ಲಾ ಒದ್ದೆ ಮರಳು ಹಾಕುವನು. ಕಡ್ಡಿ ಸವೆದರೆ ಹೊಸ ಕಡ್ಡಿ. ಬೆರಳೆಲ್ಲ ಸೀಳಿ ರಕ್ತ ಬಂದರೂ ಬಿಡಲಿಲ್ಲ. ಕೊನೆಗೊಂದು ದಿನ ತೂತು ಆಚೆ ಬದಿಗೆ ಹೊರಟಿತು, ನಡುವಿನ ತಿರುಳು ಸೀಮೆಸುಣ್ಣದ ಕಡ್ಡಿಯಂತೆ ಇಡಿಯಾಗಿ ಕಳಚಿ ಬಂತು. ಎಮ್ಮರ್ಟ್ ಅದನ್ನೆತ್ತಿ ಹೊಗೆಸೊಪ್ಪಿನ ಡಬ್ಬಿಗೆ ಹಾಕಿ ಓರ್ಲಾನ ಜೇಬಿಗೆ ತುರುಕಿದ. ಆಮೇಲೆ ರೆಕ್ಕೆಗಳನ್ನು ಮರಳುಗಲ್ಲಿನಿಂದ ಉಜ್ಜಿ, ಚರ್ಮದಿಂದ ತಿಕ್ಕಿ ಹೊಳಪು ತಂದರು. ಒಂದು ಗುಳಿಯೂ ಉಳಿಯಲಿಲ್ಲ.

ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ನೋಡಿ ನನ್ನ ಕಣ್ಣಲ್ಲಿ ನೀರು ಬಂತು.

ಏಪ್ರಿಲ್‌ನಲ್ಲಿ ಆ ಕಲ್ಲು ಮೇಜಿನ ಸುತ್ತ ಹೋಯಿತು. ಮಾತಾಡಬಾರದೆಂಬ ಪದ್ಧತಿಯನ್ನೂ ಮರೆತು ಒಬ್ಬ ಸಿಳ್ಳೆ ಹಾಕಿದ. ಗೋಡೆಯ ಪಕ್ಕ ಓರ್ಲಾ ಎದ್ದು ನಿಂತಿದ್ದ, ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿಕೊಂಡು. ಕಲ್ಲು ಡಾಕ್ಟ್ರ ಕೈಗೆ ಬಂತು. ತೂತಿಗೆ ಕಣ್ಣಿಟ್ಟು ಆಚೆಗಿನ ದೀಪ ನೋಡಿದರು.

“ಇದರೊಳಗೆ ಒಂದು ತಿರುಳು ಇತ್ತು” ಎಂದರು. “ಎಲ್ಲಿ?”

“ಮುಗಿಸಿದೆ ಡಾಕ್ಟ್ರೇ” ಎಂದ ಓರ್ಲಾ, ಹಲ್ಲೆಲ್ಲ ಕಾಣುವಂತೆ ನಗುತ್ತ. “ನಾನೂ ಎಮ್ಮರ್ಟೂ. ಅರ್ಧಕ್ಕೆ ಬಿಟ್ಟಿಲ್ಲ.”

ಡಾಕ್ಟ್ರು ಮೇಜಿನವರ ಕಡೆ ತಿರುಗಿದರು. “ಕೇಳಿದ್ರಾ? ಪೂರ್ತಿಯಾದ ರೆಕ್ಕೆಗಲ್ಲು ನಮ್ಮೆಲ್ಲರ ಪೆಟ್ಟಿಗೆಯಲ್ಲೂ ಇದೆ. ಹೇಗೆ ಮಾಡ್ತಿದ್ರು ಅಂತ ಬಾಯಿಬಿಟ್ಟು ಹೇಳೋ ಅಂಥದ್ದು ಈ ಸೀಮೇಲಿ ಒಂದಿತ್ತು. ಅದನ್ನ ಈತ ಉಜ್ಜಿ ಸಾಯಿಸಿ ತಂದಿದ್ದಾನೆ. ಇನ್ಮೇಲೆ ಇದು ಹಳೇ ಕಲ್ಲಲ್ಲ. ಓರ್ಲಾ ಸ್ಟಿಕ್ಲಿ ಮಾಡಿದ ಆಟದ ಸಾಮಾನು.”

ಕೈ ಬಿಟ್ಟರು. ಸ್ಲೇಟು ಕಲ್ಲು, ಢಣ್ ಎನ್ನಲಿಲ್ಲ. ಒಡೆದ ಸದ್ದು ಬಂತು. ಆದರೂ ಪದ್ಧತಿಯಂತೆ ನಕ್ಕರು.

ನಾನು ಕಿಂಡಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದೆ. “ಪೂರ್ತಿ ಮಾಡ್ಕೊಂಡು ಬಾ ಅಂತ ಹೇಳಿದ್ದು ನೀವೇ! ಇದೇ ಕಿಂಡಿ ಪಕ್ಕ ನಿಂತು ಹೇಳಿದ್ರಿ, ನಾನು ಕೇಳಿದ್ದೀನಿ! ಕೊಡಲಿಲ್ಲ ಅನ್ನೋ ಹೊಟ್ಟೆಕಿಚ್ಚಿಗೆ ಹೇಳಿದ್ರಿ!”

ಡಾಕ್ಟ್ರು ಕೋಪಿಸಿಕೊಳ್ಳಲಿಲ್ಲ. “ತಮಾಷೆಗೆ ಅಂದಿದ್ದು ವೆಸ್ಟಾ. ಇಪ್ಪತ್ತು ವರ್ಷ ಆ ಗೋಡೆಗೆ ಅಂಟಿಕೊಂಡು ಕೂತೋನಿಗೆ ಇಷ್ಟೂ ತಲೆಗೆ ಹತ್ತಿಲ್ಲ ಅಂತ ನನಗೇನು ಕನಸು ಬಿದ್ದಿತ್ತಾ?”

ಈ ಸಲದ ನಗು ಪದ್ಧತಿಯದಲ್ಲ, ಹೊಟ್ಟೆಯೊಳಗಿಂದ ಬಂದದ್ದು. ನಾನು ಬಾಯಿ ತೆರೆದದ್ದು ಓರ್ಲಾನ ತಲೆಯ ಮೇಲೆ ಎರಡನೆಯ ಸಲ ಕಲ್ಲು ಹಾಕಿದಂತಾಯಿತು. ಓರ್ಲಾನೂ ನಕ್ಕ. ಕತ್ತಿನವರೆಗೆ ಗುಂಡಿ ಹಾಕಿಕೊಂಡು ನಿಂತು ನಗುತ್ತಿದ್ದ ನನ್ನ ತಮ್ಮನನ್ನು ನೋಡಿ, ಆ ಸೂಪಿನ ಪಾತ್ರೆಯನ್ನು ಅವರೆಲ್ಲರ ತಲೆಯ ಮೇಲೆ ಸುರಿಯುವ ಮನಸ್ಸಾಯಿತು.

ನಗದವನು ಒಬ್ಬನೇ, ಎಮ್ಮರ್ಟ್. ಎದ್ದು ನಿಂತು, “ತಿರುಳು ಇದೆ. ಅವನ ಜೇಬಲ್ಲಿದೆ. ಮೋಸ ಮಾಡೋನಾಗಿದ್ರೆ ಎಸೆದುಬಿಡ್ತಿದ್ದ” ಎಂದ. ಗೆಳೆಯನ ಮಾನ ಉಳಿಸಲು ಹೇಳಿದ ಮಾತು.

ಡಾಕ್ಟ್ರ ನಗು ಅಲ್ಲೇ ನಿಂತಿತು. “ತೆಗಿ, ನೋಡೋಣ.”

ಓರ್ಲಾ ಡಬ್ಬಿ ತೆಗೆದ. ಡಾಕ್ಟ್ರು ತಿರುಳನ್ನು ಬೆರಳುಗಳ ನಡುವೆ ಹೊರಳಿಸಿದರು. ಒಂದು ತುದಿ ಮಣ್ಣು ಕುಡಿದು ಕಪ್ಪಾಗಿತ್ತು, ಅದು ಹಳಬರು ಕೊರೆದದ್ದು. ಇನ್ನೊಂದು ತುದಿ ಬಿಳಿ, ಓರ್ಲಾ ಕೊರೆದದ್ದು.

“ಈ ಕಪ್ಪು ಭಾಗ ನಿಜವಾದದ್ದು. ಸಂಘದ ಪೆಟ್ಟಿಗೆಗೆ ಕೊಡ್ತೀಯಾ? ಕೊಟ್ರೆ ಬಟ್ಟೆ ಮೇಲೆ ಇಡ್ತೀನಿ.”

“ಕೊಡಬೇಡ ಕಣೋ” ಎಂದ ಎಮ್ಮರ್ಟ್. “ನಿನ್ನ ಕಲ್ಲು ಒಡೆದ ಕೈ ಅದು.”

ಓರ್ಲಾ ಮೇಜಿನ ಕಡೆ ನೋಡಿದ. ಯಾರೋ ಸ್ವಲ್ಪ ಸರಿದು ಕುರ್ಚಿ ಹಿಡಿಸುವಷ್ಟು ಜಾಗ ಮಾಡಿದ್ದರು. ಕೊಟ್ಟ. ಪದ್ಧತಿಯಂತೆ ಮೊದಲು ಬಕೆಟ್ಟು ಹೊತ್ತು ಹೋಗಿ ತನ್ನ ರೆಕ್ಕೆಗಲ್ಲಿನ ಚೂರುಗಳನ್ನು ಗುಂಡಿಗೆ ಸುರಿದ, ಕೈ ಒರೆಸಿಕೊಂಡ, ಬಂದು ಮೇಜಿಗೆ ಕೂತ. ಚಪ್ಪಾಳೆ ತಟ್ಟಿದರು. ಹೊರಗೆ ಎಮ್ಮರ್ಟ್ ಬಗ್ಗಿ ಆ ಚೂರುಗಳನ್ನು ಆರಿಸುತ್ತಿದ್ದುದು ಅಡುಗೆಮನೆಯ ಬಾಗಿಲಿನಿಂದ ಕಾಣುತ್ತಿತ್ತು.

ಕುರ್ಚಿ ಸಿಕ್ಕ ಮೇಲೆ ಓರ್ಲಾ ಬೇರೆಯೇ ಮನುಷ್ಯನಾದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರಲ್ಲ, ಇವನದು ಕುರ್ಚಿ. ತಲೆಗೆ ಎಣ್ಣೆ ಬಂತು, ಕತ್ತಿಗೆ ಟೈ ಬಂತು. “ನಾವು ಸಂಘದವರು” ಎಂದು ಮಾತು ಶುರುಮಾಡುವನು. ಎಮ್ಮರ್ಟ್ ಅದೆಲ್ಲ ಸಹಿಸಿಕೊಂಡ. ತಾನು ತಿರುಳಿನ ಮಾತೆತ್ತಿದ್ದಕ್ಕೇ ಇವನಿಗೆ ಕುರ್ಚಿ ಬಂತು ಎಂದು ಒಂದು ಸಲವೂ ಆಡಲಿಲ್ಲ.

ಆ ವರ್ಷದ ಅಕ್ಟೋಬರ್ ಊಟ ಕಳೆದು ಚಳಿಗಾಲ ಹಿಡಿಯುವ ಮುಂಚೆ ಎಮ್ಮರ್ಟ್‌ಗೆ ಕಾಲುವೆಯಲ್ಲಿ ಒಂದು ಕಲ್ಲು ಸಿಕ್ಕಿತು. ಹಸಿರುಗಪ್ಪು, ಮುಷ್ಟಿಗಿಂತ ದಪ್ಪ. ಓರ್ಲಾನೇ ಅದಕ್ಕೆ ಉಗುಳು ಹಚ್ಚಿ ಒರೆಸಿ ನೋಡಿದನಂತೆ. ಮೈತುಂಬ ಕುಟ್ಟಿದ ಗುಳಿ. ಹಿಡಿ ಕಟ್ಟುವ ಸುತ್ತುಗೆರೆ ಒಂದು ಕಡೆ ಮಾತ್ರ ತೋಡಿದ್ದರು. ಅಂಚು ಇನ್ನೂ ಮಸೆದಿರಲಿಲ್ಲ. “ಕೊಡಲಿ ಕಣೋ ಎಮ್ಮರ್ಟ್! ಮುಗೀದೇ ಇರೋ ಕೊಡಲಿ. ಕೈ ಹಚ್ಚಬೇಡ, ತೊಳೀಲೂಬೇಡ, ನನ್ನ ಥರ ಹಾಳು ಮಾಡ್ಕೋಬೇಡ. ಹೀಗೇ ತಗೊಂಬಾ. ನಿನ್ನ ಕುರ್ಚಿ ನನ್ನ ಪಕ್ಕಕ್ಕೆ ಹಾಕಿಸ್ತೀನಿ” ಎಂದನಂತೆ. ಎಮ್ಮರ್ಟ್ ಇದನ್ನು ನನಗೆ ಬಂದು ಹೇಳಿದ. ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಏಪ್ರಿಲ್ ಬಂತು. ಕೊಡಲಿ ಮೇಜಿನ ಸುತ್ತ ಹೋಯಿತು. ಡಾಕ್ಟ್ರ ಕೈಗೆ ಬಂದಾಗ ಅವರು ಹೆಬ್ಬೆರಳಿನಿಂದ ತಡವಿ, ಕಣ್ಣು ಕಿರಿದು ಮಾಡಿ, ಮೇಜಿನಾಚೆ ಓರ್ಲಾನನ್ನು ನೋಡಿದರು.

“ಇವತ್ತಿನ ತೀರ್ಪು ನಾನು ಹೇಳಲ್ಲ. ಹೊಸ ಸದಸ್ಯ ಇದ್ದಾನೆ. ಮುಗೀದೇ ಇರೋ ಕಲ್ಲಿನ ವಿಷಯ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಗೋ ಓರ್ಲಾ. ಅರ್ಧಂಬರ್ಧ ಅನ್ಸುತ್ತಪ್ಪ ನನಗೆ. ನೀನು ನೋಡು.”

ಒಬ್ಬಿಬ್ಬರು ಆಗಲೇ ನಗಲು ಬಾಯಿ ಸರಿಮಾಡಿಕೊಂಡರು. ಓರ್ಲಾ ಕಲ್ಲು ತೆಗೆದುಕೊಂಡ. ಅವನ ಹೆಬ್ಬೆರಳು ಗುಳಿಗಳ ಮೇಲೆ, ಆ ಅರ್ಧ ಗೆರೆಯ ಮೇಲೆ ಹೋಗಿ ನಿಂತಿತು. ಎಮ್ಮರ್ಟ್ ಗೋಡೆಯ ಪಕ್ಕ ಎದ್ದು ನಿಂತಿದ್ದ, ಕತ್ತಿನವರೆಗೆ ಗುಂಡಿ ಹಾಕಿಕೊಂಡು. ಓರ್ಲಾ ಅವನತ್ತ ನೋಡಲಿಲ್ಲ. ಡಾಕ್ಟ್ರ ಮುಖ ನೋಡಿದ, ಸುತ್ತ ಕೂತವರ ಮುಖ ನೋಡಿದ.

“ಹೊಳೆಕಲ್ಲು” ಎಂದ. ಕೈ ಬಿಟ್ಟ.

ಢಣ್ ಎಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ತಮ್ಮ.

ಎಮ್ಮರ್ಟ್ ಬಕೆಟ್ಟು ಹೊತ್ತು ಹೊರಗೆ ಹೋದ. ಕೆಸರಿನ ಕಾಲ, ಹಗಲೆಲ್ಲ ಗಾಡಿಗಳು ಓಡಾಡಿ ಅಂಗಳದ ಗುಂಡಿಯಲ್ಲಿ ಮೊಣಕಾಲುದ್ದ ನೀರು. ಸುರಿದ ಸದ್ದು ಕೇಳಿತು. ಖಾಲಿ ಬಕೆಟ್ಟು ತಂದಿಟ್ಟು ಗೋಡೆಯ ಪಕ್ಕ ಕೂರಲಿಲ್ಲ. ಕೋಟು ತೆಗೆದುಕೊಂಡು ಅಡುಗೆಮನೆಗೆ ಬಂದ.

“ವೆಸ್ಟಾ, ಅವನಿಗೆ ಗೊತ್ತಾಗಲಿಲ್ವೇನೋ. ದೀಪ ಸರಿ ಇರಲಿಲ್ಲ, ಅಲ್ವಾ?”

ಸುಳ್ಳು ಹೇಳಬಹುದಿತ್ತು. ನನಗೆ ಆ ಅಭ್ಯಾಸವಿಲ್ಲ. “ಗೊತ್ತಾಯ್ತು ಎಮ್ಮರ್ಟ್. ಬೆರಳು ಗೆರೆ ಮೇಲೇ ಇತ್ತು” ಎಂದೆ. ಅವನು ತಲೆಯಾಡಿಸಿ ಹೊರಟುಹೋದ.

ಆಮೇಲೆ ಪೈ ತಟ್ಟೆಗಳನ್ನು ಕಿಂಡಿಯಲ್ಲಿ ದಾಟಿಸುತ್ತಿದ್ದೆ. ಡಾಕ್ಟ್ರು ಓರ್ಲಾನ ಭುಜದ ಮೇಲೆ ಕೈಯಿಟ್ಟು ಹೇಳಿದರು, ಹವೆಯ ವಿಷಯ ಹೇಳುವಷ್ಟೇ ಸಲೀಸಾಗಿ: “ನಾನಾಗಿದ್ರೆ ಬಟ್ಟೆ ಮೇಲೆ ಇಡ್ತಿದ್ದೆ ಕಣಯ್ಯ. ಒಳ್ಳೇ ಕೊಡಲಿ ಅದು. ನೀನು ಏನು ಮಾಡ್ತೀಯೋ ನೋಡೋಣ ಅಂತ ಕೊಟ್ಟೆ.”

ಓರ್ಲಾನ ಚಮಚ ಬಾಯಿಯ ಹತ್ತಿರ ನಿಂತಿತು. ಆಮೇಲೆ ಪೈ ತಿಂದು ಮುಗಿಸಿದ. ಎಲ್ಲರೂ ಹೋದ ಮೇಲೆ ಅಂಗಳದ ಗುಂಡಿಯಲ್ಲಿ ಕೈ ಹಾಕಿ ತಡಕುತ್ತ ಬಹಳ ಹೊತ್ತು ಇದ್ದ. ಟೈ ನೀರಿಗೆ ಇಳಿಬಿದ್ದಿತ್ತು. ಅಲ್ಲಿರುವ ನೂರಾರು ಕಲ್ಲುಗಳಲ್ಲಿ ಯಾವುದೆಂದು ಗುರುತಿಸುತ್ತಾನೆ? ದೀಪ ತಂದು ಹಿಡಿ ಎಂದು ಕೇಳಿದ. ನಾನು ಹಿಡಿಯಲಿಲ್ಲ. ನನ್ನ ತಮ್ಮನ ಮೇಲೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಬಂದಿರಲಿಲ್ಲ, ಅಷ್ಟು ಮರುಕವೂ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ಮನೆಯ ಹಿಂದಿನ ಹೊಲದಲ್ಲೇ ಅವರಿಬ್ಬರ ಕೆಲಸವಿತ್ತು. ಓರ್ಲಾ ಬಂದು ಕೊಳವೆಗಳ ರಾಶಿಯ ಮೇಲೆ ಕೂತು ಕಾದ. ಎಮ್ಮರ್ಟ್ ಬರಲಿಲ್ಲ. ಬಿಸಿಲೇರಿದ ಮೇಲೆ ಒಬ್ಬನೇ ತೋಡಲು ಇಳಿದ. ಎಂದಿನ ಹಟದಲ್ಲೇ ತೋಡಿದ, ಇಬ್ಬರಿಗಾಗುವಷ್ಟು. ಮಧ್ಯಾಹ್ನದ ಮೇಲೆ ಕೊಳವೆ ಇಡಲು ಶುರುಮಾಡಿದ. ಇಟ್ಟದ್ದು ಜರುಗುತ್ತಿತ್ತು, ಮತ್ತೆ ತೆಗೆದು ಇಡುತ್ತಿದ್ದ. ಎಮ್ಮರ್ಟನ ಕೈ ಆ ಕೆಲಸವನ್ನು ಹೇಗೆ ಮಾಡುತ್ತಿತ್ತೆಂದು ಅವನು ಯಾವತ್ತೂ ಮೇಲಿಂದ ಬಗ್ಗಿ ನೋಡಿರಲಿಲ್ಲ.

ಸಂಜೆಗೆ ಮೋಡ ಕವಿಯಿತು. ಕಾಲುವೆಯ ಅರ್ಧ ಹಾಗೆಯೇ ಬಾಯಿ ತೆರೆದುಕೊಂಡಿತ್ತು. ಓರ್ಲಾ ಸಲಿಕೆ ಹಿಡಿದುಕೊಂಡು ಒಮ್ಮೆ ಅದನ್ನು, ಒಮ್ಮೆ ಎಮ್ಮರ್ಟನ ಮನೆಯ ದಾರಿಯನ್ನು ನೋಡುತ್ತ ದಡದ ಮೇಲೆ ನಿಂತಿದ್ದ. ಮಳೆ ಹನಿಯತೊಡಗಿತು, ದಡ ತುಸುತುಸುವೇ ಕುಸಿದು ಒಳಗೆ ಬೀಳತೊಡಗಿತು. ಊಟಕ್ಕೆ ಬಾ ಎಂದು ಕೂಗಿದೆ. ಬರಲಿಲ್ಲ.